ಕಂಪನಿ ಬದಲಿಸಿದ ದೊಡ್ಡವ್ವ

ಮನೆ ಬಾಗಿಲಿಗೆ ಬಂದು ಮಾರುವವರ ಕಾಲ ಮುಗಿಯಿತು ಅನ್ನುವವರು ಹಂಸಭಾವಿಯಲ್ಲಿ ಒಂದು ಮಧ್ಯಾಹ್ನ ನಮ್ಮ ದೊಡ್ಡವ್ವನ ಕಟ್ಟೆಯ ಮೇಲೆ ಕೂತು ನೋಡಬೇಕು. ಬಳೆಗಾರ ಅಪರೂಪವಾಗಿದ್ದಾನೆ, ಒಪ್ಪುತ್ತೇನೆ. ಆದರೆ ಕೂದಲಿಗೆ ಪಾತ್ರೆ ಕೊಡುವಾಕೆ ಬರುತ್ತಾಳೆ. ಚಾಪೆಯವನು ಬರುತ್ತಾನೆ. ಗ್ಯಾಸ್ ಒಲೆ ರಿಪೇರಿಯವನು ಬರುತ್ತಾನೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹೇರಿಕೊಂಡು ಬರುವ ಗಾಡಿಯವನಂತೂ ಒಮ್ಮೆ ರೆಕಾರ್ಡ್ ಮಾಡಿಟ್ಟ ತನ್ನದೇ ದನಿಯನ್ನು ಮೈಕಿನಲ್ಲಿ ಕೂಗಲು ಬಿಟ್ಟು, ತಾನು ಎಲೆ ಅಡಿಕೆ ಮೆಲ್ಲುತ್ತ ನೆಮ್ಮದಿಯಾಗಿ ಕೂತಿರುತ್ತಾನೆ. ಇವರೆಲ್ಲ ಬೀದಿಯ ಮಂದಿ. ಕರೆದರೆ ನಿಂತಾರು, ಕರೆಯದಿದ್ದರೆ ಮುಂದಿನ ಓಣಿ ಹಿಡಿದಾರು. ನನಗೆ ಅಂಜಿಕೆ ಇರುವುದು ಕೂಗದೆ ಬರುವವರದು. ಕೊರಳಲ್ಲಿ ಪಟ್ಟಿ, ಪಟ್ಟಿಗೊಂದು ಫೋಟೊ ಕಾರ್ಡು, ಬೆನ್ನಿಗೆ ಚೀಲ. ಚಪ್ಪಲಿ ಹೊರಗೆ ಬಿಟ್ಟು, "ಅವ್ವಾರ, ಒಂಚೂರು ನೀರ್ ಕೊಡ್ರಿ" ಅನ್ನುತ್ತ ಒಳಗೆ ಬಂದುಬಿಡುತ್ತಾರೆ. ನೀರು ಕೇಳಿದವರನ್ನು ನಮ್ಮ ಕಡೆ ಯಾರೂ ಹೊರಗೆ ನಿಲ್ಲಿಸುವುದಿಲ್ಲ. ಇದು ಅವರಿಗೂ ಗೊತ್ತು.

ಇಂಥವರಿಗೂ ಒಂದು ಕಾನೂನಿದೆ. ನೇರ ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ತಂದ ನಿಯಮಗಳ ಪ್ರಕಾರ, ಮಾರುವವನು ಗುರುತಿನ ಚೀಟಿ ಇಲ್ಲದೆ, ಮೊದಲೇ ಹೇಳಿ ಕೇಳಿ ಒಪ್ಪಿಗೆ ಪಡೆಯದೆ, ಗಿರಾಕಿಯ ಮನೆಗೆ ಹೋಗುವಂತಿಲ್ಲ. ಓದಿ ನನಗೆ ನಗು ಬಂತು. ಹಿರೇಕೆರೂರು ತಾಲ್ಲೂಕಿನಲ್ಲಿ ಬೀಗರೇ ಮೊದಲು ಹೇಳಿ ಬರುವುದಿಲ್ಲ. ಹೇಳಿ ಬಂದರೆ "ಏನಾತ್ರಿ, ಎಲ್ಲಾರೂ ಆರಾಮ ಅದಾರ್ರಿಲ್ಲೋ?" ಎಂದು ಮನೆಯವರೇ ಗಾಬರಿಯಾಗುತ್ತಾರೆ.

ಇಂಥವನೊಬ್ಬ ಬಂದುಹೋದ ಸಂಜೆ ದೊಡ್ಡವ್ವ ನನಗೆ ಫೋನು ಮಾಡಿದಳು. "ತಮ್ಮಾ, ನಾ ಕೆಇಬಿ ಬಿಟ್ನಿ ನೋಡು" ಅಂದಳು. ದನಿಯಲ್ಲಿ ಹಳೆಯ ಕೂಡುಮನೆ ಬಿಟ್ಟು ಬೇರೆ ಒಲೆ ಹೂಡಿದವರ ಹುರುಪಿತ್ತು.

ಕೆಇಬಿ ಬಿಡುವುದು ಅಷ್ಟು ಸುಲಭವಲ್ಲ. ಮೊದಲನೆಯ ತೊಡಕೆಂದರೆ, ಕೆಇಬಿ ಈಗ ಇಲ್ಲವೇ ಇಲ್ಲ. 1957ರಲ್ಲಿ ಹುಟ್ಟಿದ ವಿದ್ಯುತ್ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು. 2002ರಲ್ಲಿ ವಿತರಣೆಯನ್ನು ಬೇರೆ ಮಾಡಿ ನಮ್ಮ ಭಾಗದ ಏಳು ಜಿಲ್ಲೆಗಳಿಗೆ ಹೆಸ್ಕಾಂ ಬಂತು. ಬೋರ್ಡು ಬದಲಾಯಿತು, ಬಿಲ್ಲಿನ ಬಣ್ಣ ಬದಲಾಯಿತು, ನಮ್ಮ ಬಾಯಿ ಮಾತ್ರ ಬದಲಾಗಲಿಲ್ಲ. ಲೈನ್‌ಮನ್ ಇವತ್ತಿಗೂ ಕೆಇಬಿಯವನೇ. ಅಷ್ಟೇಕೆ, ದೊಡ್ಡವ್ವನ ಆಯುಷ್ಯದಲ್ಲಿ ಹೀಗೆ ಅವಳನ್ನು ಕೇಳದೆ ಬದಲಾದದ್ದಕ್ಕೆ ಲೆಕ್ಕವಿಲ್ಲ. ಹುಟ್ಟಿದ್ದು ಮುಂಬೈ ರಾಜ್ಯದಲ್ಲಿ. 1956ರ ನವೆಂಬರಿನಲ್ಲಿ ಇದ್ದಲ್ಲಿಯೇ ಮೈಸೂರು ರಾಜ್ಯದವಳಾದಳು. 1973ರಲ್ಲಿ ಕರ್ನಾಟಕದವಳಾದಳು. 1997ರಲ್ಲಿ ಧಾರವಾಡ ಜಿಲ್ಲೆ ಬಿಟ್ಟು ಹಾವೇರಿ ಜಿಲ್ಲೆಗೆ ಸೇರಿದಳು. ಇಷ್ಟೆಲ್ಲ ಸ್ಥಳಾಂತರ ಆಗುವಾಗ ಅವಳು ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಡುಗೆಮನೆಗೆ ಓಡಾಡಿದ್ದಷ್ಟೇ. ಇಂಥ ಯಾವ ಸಂಗತಿಗೂ ಯಾರೂ ಬಾಗಿಲಿಗೆ ಬಂದು, "ಅವ್ವಾರ, ನಿಮ್ಮ ಒಪ್ಪಿಗಿ ಐತೇನ್ರಿ?" ಅಂದವರಲ್ಲ. ಈ ಹುಡುಗ ಅಂದ. ಫಾರಂ ತೆಗೆದ, ಪೆನ್ನಿನ ಮುಚ್ಚಳ ತಾನೇ ಬಿಚ್ಚಿ ಕೊಟ್ಟ, ಸಹಿ ಮಾಡುವ ಜಾಗಕ್ಕೆ ಬೆರಳಿಟ್ಟು ತೋರಿಸಿದ. ನಾಲ್ಕನೆಯ ಇಯತ್ತೆ ಕಲಿತ ದೊಡ್ಡವ್ವ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದಾಳೆ. ಕರೆಂಟಿನ ವಿಷಯದಲ್ಲಿ ಅವಳ ಮರ್ಜಿ ಕೇಳಿದ ಮೊದಲ ಮನುಷ್ಯ ಮೋಸಗಾರನೇ ಆಗಿದ್ದರೆ ತಪ್ಪು ಅವಳದು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಕಂಪನಿ ಬದಲಿಸಬಹುದು ಎಂಬ ಹುಳ ಅವಳ ತಲೆಗೆ ಹೊಕ್ಕದ್ದು ಮುಂಬೈಯಿಂದ. ಗೋರೆಗಾಂವಿನಲ್ಲಿರುವ ನಮ್ಮ ಚಿಗವ್ವ ಊರಿಗೆ ಬಂದಾಗಲೆಲ್ಲ ಹೇಳುವ ಕಥೆ ಇದು. ಅಲ್ಲಿ ಉಪನಗರಗಳಿಗೆ ಮೊದಲಿನಿಂದ ಕರೆಂಟು ಕೊಡುತ್ತಿದ್ದ ಕಂಪನಿ ರಿಲಯನ್ಸ್ ಪಾಲಾಗಿತ್ತು. ಟಾಟಾದವರು ನಾವೂ ಮನೆಮನೆಗೆ ಕೊಡುತ್ತೇವೆ ಅಂದರು. ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ, 2008ರಲ್ಲಿ ಟಾಟಾದವರೂ ಕೊಡಬಹುದು ಎಂದು ತೀರ್ಪಾಯಿತು. ಮರುವರ್ಷದಿಂದ ಜನ ಬದಲಾಯಿಸತೊಡಗಿದರು, ಚಿಗವ್ವನೂ ಬದಲಾಯಿಸಿದಳು. ದೊಡ್ಡವ್ವನಿಗೆ ತಿಳಿಯದೆ ಉಳಿದದ್ದು ಒಂದೇ. "ಅಲ್ಲ, ಹಳೇ ವೈರು ಕಿತ್ತು ಹೊಸಾದು ಎಳದ್ರೇನು?" ಎಳೆದಿರಲಿಲ್ಲ. ಕಂಬ, ತಂತಿ ರಿಲಯನ್ಸಿನವರದೇ, ಅದಕ್ಕೆ ಬಾಡಿಗೆ. ಬಿಲ್ಲು ಮಾತ್ರ ಟಾಟಾದವರದು. ತಂತಿಯೊಳಗೆ ಹರಿಯುವುದು ಯಾರ ಕರೆಂಟು ಎಂದು ಬಲ್ಬಿಗೆ ಗೊತ್ತಿರುವುದಿಲ್ಲ, ಅದರ ಲೆಕ್ಕ ಪುಸ್ತಕದಲ್ಲಿ ಮಾತ್ರ. ಬದಲಿಸದೆ ರಿಲಯನ್ಸನ್ನೇ ನೆಚ್ಚಿ ಕೂತ ಪಕ್ಕದ ಮನೆಯವರ ಕಥೆ ಇನ್ನೂ ಚೆಂದ. 2018ರಲ್ಲಿ ರಿಲಯನ್ಸಿನವರು ಆ ಇಡೀ ವ್ಯವಹಾರವನ್ನು ಅದಾನಿಯವರಿಗೆ ಮಾರಿದರು. ಅಲ್ಲಿಗೆ ಅವರದೂ ಬದಲಾದಂತಾಯಿತು.

ಮೊಬೈಲು ಈ ಹುಳಕ್ಕೆ ಇನ್ನಷ್ಟು ಮೇವು ಹಾಕಿತ್ತು. 2011ರ ಜನವರಿಯಿಂದ ದೇಶವೆಲ್ಲ ನಂಬರು ಅದೇ ಇಟ್ಟುಕೊಂಡು ಕಂಪನಿ ಬದಲಿಸುವ ಸವಲತ್ತು ಬಂತಲ್ಲ, ದೊಡ್ಡವ್ವ ಅದನ್ನು ರಸ್ತೆ ಬದಿಯ ಬಣ್ಣದ ಕೊಡೆಯ ಕೆಳಗೆ ನಿಂತು ಮಾಡಿಸಿಕೊಂಡವಳು. ಬಿಟ್ಟು ಹೋಗುತ್ತೇನೆ ಅಂದ ಕೂಡಲೇ ಹಳೆಯ ಕಂಪನಿಯವರು ಫೋನು ಮಾಡಿ ಗೋಗರೆದದ್ದು ಅವಳಿಗೆ ಬಹಳ ಹಿತವಾಗಿತ್ತು. ಜೀವಮಾನದಲ್ಲಿ ಯಾರೂ ತನ್ನನ್ನು ಹೀಗೆ "ಹೋಗಬೇಡ್ರಿ" ಅಂದಿರಲಿಲ್ಲವಂತೆ, ದೊಡ್ಡಪ್ಪನನ್ನೂ ಸೇರಿಸಿ.

ಸರಿ, ಏನು ಸಹಿ ಮಾಡಿದ್ದಾಳೆ ನೋಡೋಣವೆಂದು ಹೋದೆ. ಫಾರಂ ಹುಡುಗನೇ ಒಯ್ದಿದ್ದ. ಉಳಿದದ್ದು ಒಂದು ರಸೀದಿ ಮತ್ತು ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಬಿಳಿಯ ಪೆಟ್ಟಿಗೆ. ಪ್ಲಗ್ಗಿಗೆ ಸಿಕ್ಕಿಸಿದರೆ ಹಸಿರು ದೀಪ ಹತ್ತುತ್ತದೆ. ಇದೇ "ಹೊಸಾ ಕಂಪನಿ". ಕರೆಂಟು ಇದರೊಳಗೆ ಬಂದು ಶುದ್ಧವಾಗಿ ಮನೆಗೆ ಹೋಗುತ್ತದೆ, ಬಿಲ್ಲು ಅರ್ಧಕ್ಕರ್ಧ ಇಳಿಯುತ್ತದೆ, ಕೆಇಬಿ ಖಾಸಗಿಯಾದ ಮೇಲೆ ಮೊದಲು ಹೆಸರು ಬರೆಸಿದವರಿಗೆ ಮೊದಲ ಪಾಳಿ. ಕೊನೆಯ ಮಾತು ಪೂರ್ತಿ ಆಕಾಶದಿಂದ ಉದುರಿದ್ದಲ್ಲ. ಒಂದೇ ಊರಿನಲ್ಲಿ ಹಲವು ಕಂಪನಿಗಳು ಕರೆಂಟು ಮಾರಲು ಅನುವು ಮಾಡುವ ತಿದ್ದುಪಡಿ ಮಸೂದೆ 2022ರ ಆಗಸ್ಟಿನಲ್ಲಿ ಲೋಕಸಭೆಗೆ ಬಂದಿತ್ತು. ವಿದ್ಯುತ್ ನೌಕರರು ದೇಶದ ತುಂಬ ಪ್ರತಿಭಟಿಸಿದರು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ಕಾನೂನಾಗಲಿಲ್ಲ. ಹುಡುಗ ಎಲ್ಲೋ ಅದರ ಬಾಲ ಹಿಡಿದಿದ್ದ. ಬುಡಬುಡಿಕೆಯವನು ಓಣಿಯ ಸುದ್ದಿಯನ್ನೆಲ್ಲ ಮೊದಲೇ ತಿಳಿದುಕೊಂಡು ಆಮೇಲೆ ಶಕುನ ನುಡಿಯುವುದಿಲ್ಲವೆ, ಹಾಗೆ.

"ಎಷ್ಟ ಕೊಟ್ಟಿ?" ಅಂದೆ.

"ಹದಿನೈದ ನೂರು. ಡಬ್ಬಿ ಮ್ಯಾಲೆ ನಾಕ ಸಾವಿರ ಅಂತ ಬರದೈತಿ. ನಾ ಚೌಕಾಶಿ ಮಾಡಿ ಇಳಿಸೀನಿ."

ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು ರಿವೈಂಡಿಂಗ್ ಮಾಡುವ ಹುಡುಗನೊಬ್ಬನಿದ್ದಾನೆ. ಸುತ್ತಲಿನ ಗೋವಿನಜೋಳ, ಹತ್ತಿಯ ಹೊಲಗಳ ಪಂಪ್‌ಸೆಟ್ಟುಗಳ ನಾಡಿ ಬಲ್ಲವನು. ಪೆಟ್ಟಿಗೆಯನ್ನು ಅವನ ಮುಂದಿಟ್ಟೆ. ಸ್ಕ್ರೂ ಬಿಚ್ಚಿ, "ಇದರಾಗ ಒಂದ ಕಂಡೆನ್ಸರ್, ಒಂದ ಲೈಟು, ಮುಗೀತು" ಅಂದ. ಕಂಡೆನ್ಸರ್ ಅಂದರೆ ಕೆಪಾಸಿಟರು. ಅದು ಕೆಲಸಕ್ಕೆ ಬಾರದ ವಸ್ತುವೇನಲ್ಲ. ಪಂಪಿನ ಮೋಟಾರು ತನ್ನೊಳಗೆ ಕಾಂತಶಕ್ತಿ ಹುಟ್ಟಿಸಿಕೊಳ್ಳಲು ಒಂದಿಷ್ಟು ಕರೆಂಟನ್ನು ಎಳೆಯುತ್ತ, ಮತ್ತೆ ಹಿಂದಕ್ಕೆ ತಳ್ಳುತ್ತ ಇರುತ್ತದೆ. ನೀರೆತ್ತದ ಈ ಬರಿಯ ಓಡಾಟದಿಂದ ಲೈನಿಗೆ ಭಾರ. ಕೆಪಾಸಿಟರು ಪಕ್ಕದಲ್ಲೇ ಕೂತು ಆ ಕೊಡುಕೊಳ್ಳುವಿಕೆಯನ್ನು ಮುಗಿಸಿಬಿಡುತ್ತದೆ. ಅದಕ್ಕೇ ಪಂಪ್‌ಸೆಟ್ಟಿಗೆ ಅದನ್ನು ಹಾಕಿಸಿರಿ ಅನ್ನುತ್ತಾರೆ. ಆದರೆ ಮನೆಯ ಮೀಟರು ಈ ಓಡಾಟವನ್ನು ಎಣಿಸುವುದೇ ಇಲ್ಲ. ಸಾವಿರ ವ್ಯಾಟು ಒಂದು ತಾಸು ಉರಿದರೆ ಒಂದು ಯೂನಿಟ್, ಅಷ್ಟೇ ಅದಕ್ಕೆ ಗೊತ್ತಿರುವ ಲೆಕ್ಕ. ಎಣಿಸದ್ದನ್ನು ಎಷ್ಟು ಉಳಿಸಿದರೂ ಬಿಲ್ಲು ಇಳಿಯಲಾರದು. ಹಸಿರು ದೀಪ ಉರಿಯುವಷ್ಟು ಏರಬಹುದು, ಅಷ್ಟೇ.

ಇನ್ನು ಬಿಲ್ಲಿನ ವಿಚಾರ. ಅರ್ಧಕ್ಕೆ ಇಳಿಸಲು ಅವಳಿಗೆ ಬಿಲ್ಲಾದರೂ ಎಲ್ಲಿತ್ತು? 2023ರ ಜುಲೈಯಿಂದ ಗೃಹಜ್ಯೋತಿ. ಹೊಲದ ಪಂಪ್‌ಸೆಟ್ಟಿಗೆ 10 ಎಚ್‌ಪಿ ತನಕ 2008ರಿಂದಲೇ ಪುಕ್ಕಟೆ. ಸೊನ್ನೆಯ ಅರ್ಧ ಎಷ್ಟು ಎಂಬುದನ್ನು ನಾಲ್ಕನೆಯ ಇಯತ್ತೆಯಲ್ಲಿ ಕಲಿಸಿರಲಿಲ್ಲವೇ ಎಂದು ಕೇಳಿದೆ. ದೊಡ್ಡವ್ವ ಸಿಟ್ಟಾದಳು.

"ನಿನಗೇನ ಗೊತ್ತು? ಬ್ಯಾಸಗಿ ಸೂಟಿಗೆ ಹುಡುಗರು ಬಂದಾಗ ಬಿಲ್ಲ ಬಂದಿತ್ತು."

ಬಂದದ್ದು ನಿಜ. 200 ಯೂನಿಟ್ ಪುಕ್ಕಟೆ ಅಂದರೆ ಎಲ್ಲರಿಗೂ 200 ಅಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದೀರೋ ಅದಕ್ಕೆ ಶೇಕಡಾ 10 ಸೇರಿಸಿದಷ್ಟು. ಕಡಿಮೆ ಸುಡುವವರಿಗೆ ಇದರಿಂದ ಏನೂ ಉಳಿಯುವುದಿಲ್ಲವೆಂದು, 48 ಯೂನಿಟ್ಟಿನ ಒಳಗಿನವರಿಗೆ ಶೇಕಡಾ 10ರ ಬದಲು ನೇರ 10 ಯೂನಿಟ್ ಕೊಡುವುದಾಗಿ 2024ರ ಆರಂಭದಲ್ಲಿ ಬದಲಿಸಿದರು. ಜೀವಮಾನವೆಲ್ಲ ಹೊರಗೆ ಬರುವಾಗ ಲೈಟು ಆರಿಸಿಯೇ ಬಂದ ದೊಡ್ಡವ್ವನಂಥವರ ಪಾಲು ಹೀಗೆ ಚಿಕ್ಕದಾಯಿತು. ದೀಪ ಉರಿಸಿ ಮರೆತವರ ಪಾಲು ದೊಡ್ಡದು. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ಅವಳು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಮೊಮ್ಮಕ್ಕಳು ಬಂದು ಹಗಲೂ ರಾತ್ರಿ ಫ್ಯಾನು ತಿರುಗಿಸಿದಾಗ ಪಾಲು ದಾಟಿ ಸಣ್ಣದೊಂದು ಬಿಲ್ಲು ಬಂದಿದೆ. ಅದೇ ಬೇಸಿಗೆಗೆ ಸರಿಯಾಗಿ ಹುಡುಗ ಬಂದಿದ್ದಾನೆ. ಮಾರುವವನಿಗೆ ಬೇಕಾದದ್ದು ಬಿಲ್ಲಲ್ಲ, ಬಿಲ್ಲಿನ ಅಂಜಿಕೆ.

ರಸೀದಿಯ ಮೇಲಿನ ನಂಬರಿಗೆ ಫೋನು ಹೋಗಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಬರೆಸಿದೆ. ಹದಿನೈದು ನೂರು ಬಂದರೆ ಹೇಳುತ್ತೇನೆ.

ಇಂಥ ಮೋಸ ನಮ್ಮಂಥ ಹಳ್ಳಿಯವರಿಗಷ್ಟೇ ಅಂದುಕೊಂಡಿದ್ದ ದೊಡ್ಡವ್ವನಿಗೆ ಸಮಾಧಾನಕ್ಕೆಂದು ಇಂಗ್ಲೆಂಡಿನ ಸುದ್ದಿ ಹೇಳಿದೆ. ಬ್ರಿಟನ್ನಿನಲ್ಲಿ 1999ರ ಹೊತ್ತಿಗೆ ಪ್ರತಿ ಮನೆಯವರೂ ಕರೆಂಟಿನ ಕಂಪನಿ ಬದಲಿಸುವಂತಾಯಿತು. ಆಮೇಲೆ ಬಾಗಿಲು ಬಡಿಯುವವರ ಹಾವಳಿ. ಉಳಿತಾಯವಾಗುತ್ತದೆಂದು ನಂಬಿಸಿ, ಮುದುಕರಿಂದ ಸಹಿ ಹಾಕಿಸಿ, ಹೆಚ್ಚಿನ ದರಕ್ಕೆ ಸಿಕ್ಕಿಸಿದ್ದೂ ಉಂಟು. 2011ರ ಸುಮಾರಿಗೆ ದೊಡ್ಡ ಕಂಪನಿಗಳು ಒಂದೊಂದಾಗಿ ಬಾಗಿಲ ಮಾರಾಟ ನಿಲ್ಲಿಸಿದವು. ಸುಳ್ಳು ಹೇಳಿ ಮಾರಿದ್ದಕ್ಕೆ ಎಸ್‌ಎಸ್‌ಇ ಎಂಬ ಕಂಪನಿಗೆ 2013ರಲ್ಲಿ ಒಂದು ಕೋಟಿ ಐದು ಲಕ್ಷ ಪೌಂಡ್ ದಂಡ ಬಿತ್ತು. ಅಲ್ಲಿ ಸಹಿ ಮಾಡಿದ ಮೇಲೂ ಮನಸ್ಸು ಬದಲಿಸಲು ಹದಿನಾಲ್ಕು ದಿನದ ಅವಕಾಶವಿದೆ.

"ಹದಿನಾಕ ದಿನಾ?" ದೊಡ್ಡವ್ವ ಯೋಚಿಸಿದಳು. "ನಮ್ಮ ಮದವಿಗೂ ಅಷ್ಟ ಇಟ್ಟಿದ್ರ ಚೊಲೊ ಇತ್ತು."

ಆದರೂ ತಾನು ಈಗ ಯಾವ ಕಂಪನಿಯವಳು ಎಂಬ ಅನುಮಾನ ಅವಳಿಗೆ ಹೋಗಲೊಲ್ಲದು. ನಾನು ಹೇಳಿದರೆ ನಂಬುವವಳಲ್ಲ. ಕೆಇಬಿ ಆಫೀಸಿಗೇ ಕರೆದುಕೊಂಡು ಹೋದೆ. ಒಳಗೆ ಕೂತಿದ್ದ ಸಾಹೇಬರು ಚಿಕ್ಕ ವಯಸ್ಸಿನವರು, ಕುರ್ಚಿ ಎಳೆದು ಕೂಡಿಸಿದರು. ಆರ್‌ಆರ್ ನಂಬರು ಕೇಳಿ ಕಂಪ್ಯೂಟರಿಗೆ ಹಾಕಿದರು.

"ಎಲ್ಲಿಗೂ ಹೋಗಿಲ್ರಿ ಅವ್ವಾರ. ನಮ್ಮ ಹಂತ್ಯಾಕ ಅದೀರಿ."

"ನಾ ಸಹಿ ಮಾಡೀನಲ್ರಿ?"

"ನಿಮ್ಮ ಸಹಿ ನಡಿಯೂದಿಲ್ರಿ. ಗ್ರಾಹಕರು ನೀವಲ್ಲ." ತೆರೆಯನ್ನು ನಮ್ಮ ಕಡೆ ತಿರುಗಿಸಿದರು. ಅಲ್ಲಿದ್ದದ್ದು ದೊಡ್ಡವ್ವನ ಮಾವನ ಹೆಸರು. ತೀರಿಕೊಂಡು ಮೂವತ್ತು ವರ್ಷ ದಾಟಿದ ಅವರು ಇಂದಿಗೂ ಹಂಸಭಾವಿಯಲ್ಲಿ ತಪ್ಪದೆ ಕರೆಂಟು ಉರಿಸುತ್ತಿದ್ದಾರೆ. ಗೃಹಜ್ಯೋತಿಗೆ ದೊಡ್ಡವ್ವನ ಆಧಾರ್ ಜೋಡಿಸಿದ್ದಾರೆ ನಿಜ, ಮೀಟರು ಮಾತ್ರ ಮಾವನದು. ಅವಳು ಮನೆಯಲ್ಲಿ ವಾಸವಾಗಿರುವವಳು, ಅಷ್ಟೇ. ಕಂಪನಿ ಬಿಡುವುದಿದ್ದರೆ ಮಾವನವರೇ ಬಂದು ಸಹಿ ಮಾಡಬೇಕು.

ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೆಸರು ಬದಲಿ ಮಾಡಿಸಿಕೊಂಡುಬಿಡಿ, ಮರಣ ಪತ್ರ, ಪಂಚಾಯಿತಿ ಉತಾರ, ವಾರಸುದಾರರ ಒಪ್ಪಿಗೆ ಇದ್ದರೆ ಆಯಿತು. ನಾನೂ ಹೂಂಗುಟ್ಟಿದೆ. ಇಷ್ಟು ವರ್ಷಕ್ಕಾದರೂ ದೊಡ್ಡವ್ವನ ಹೆಸರು ಎಲ್ಲಾದರೂ ಒಂದು ಕಡೆ ಅಚ್ಚಾಗಲಿ ಎಂದು ನನಗೆ ಆಸೆ. ಅವಳು ತೆರೆಯನ್ನೇ ನೋಡುತ್ತಿದ್ದಳು. ಸೆರಗು ಸರಿಮಾಡಿಕೊಂಡು, ಮಾವನ ಎದುರಿಗೆ ನಿಂತವಳ ಹಾಗೆ ದನಿ ತಗ್ಗಿಸಿ ಕೇಳಿದಳು:

"ಸಾಹೇಬ್ರ, ಬಿಲ್ಲ ಬಾಕಿ ಉಳದ್ರ ನೋಟೀಸು ಯಾರ ಹೆಸರಿಗೆ ಬರ್ತೈತ್ರಿ?"

"ಗ್ರಾಹಕರ ಹೆಸರಿಗೆ ಬರ್ತೈತ್ರಿ."

"ಹಂಗಾರ ಬ್ಯಾಡ್ರಿ, ಮಾವಾರ ಹೆಸರಿಗೇ ಇರಲಿ" ಅಂದಳು. ಹೊರಗೆ ಬಂದ ಮೇಲೆ ನನ್ನ ಭುಜ ಹಿಡಿದು ಮೆಟ್ಟಿಲು ಇಳಿಯುತ್ತ, "ಪುಕ್ಕಟ ಕೊಡೂದ ಸರ್ಕಾರದಾವ್ರು ಬಂದ್ ಮಾಡಿದ ದಿನ ಹೇಳು ತಮ್ಮಾ, ನಿನ್ನ ಹೆಸರಿಗೆ ಮಾಡಿಸಿಬಿಡೂಣು" ಅಂದಳು.