ಗಣೇಶನೊಳಗೆ ಡ್ರಾಪ್, ರಾಜ್ಯೋತ್ಸವದೊಳಗೆ ವಿತ್‌ಡ್ರಾ

ಅಮೆರಿಕದ ಕಾಲೇಜಿಗೆ ಮಕ್ಕಳನ್ನು ಸೇರಿಸಿರುವ ಕನ್ನಡಿಗರಿಗಾಗಿ ನಾನೊಂದು ಪಂಚಾಂಗ ಮಾಡಿದ್ದೇನೆ. ಬೇಕಾದವರು ಬರೆದಿಟ್ಟುಕೊಳ್ಳಬಹುದು. ಗೌರಿ-ಗಣೇಶ ಮುಗಿಯುವುದರೊಳಗೆ ಡ್ರಾಪ್. ಕನ್ನಡ ಕೂಟದ ರಾಜ್ಯೋತ್ಸವದೊಳಗೆ ವಿತ್‌ಡ್ರಾ. ಅದೂ ಕಳೆದರೆ ಮನೆದೇವರೇ ಗತಿ.

ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಶುರುವಾಗುವ ಸೆಮಿಸ್ಟರು ಸುಮಾರು 15 ವಾರ ನಡೆಯುತ್ತದೆ. ಮೊದಲ ಒಂದೆರಡು ವಾರದಲ್ಲಿ ಕೋರ್ಸ್ ಬಿಟ್ಟರೆ ಅದು ಡ್ರಾಪ್. ಟ್ರಾನ್ಸ್‌ಕ್ರಿಪ್ಟಿನಲ್ಲಿ ಅದರ ಸುಳಿವೂ ಇರುವುದಿಲ್ಲ, ಸಾಮಾನ್ಯವಾಗಿ ಫೀಸೂ ವಾಪಸ್ಸು. ಆಮೇಲೆ ಒಂಬತ್ತು-ಹತ್ತನೇ ವಾರದ ತನಕ ಬಿಟ್ಟರೆ ವಿತ್‌ಡ್ರಾ. ಕೋರ್ಸಿನ ಹೆಸರಿನ ಮುಂದೆ 'ಡಬ್ಲ್ಯೂ' ಎಂದು ಕೂರುತ್ತದೆ. ಜಿಪಿಎಗೆ ಪೆಟ್ಟಿಲ್ಲ, ಪೆಟ್ಟು ಅಪ್ಪನ ಜೇಬಿಗೆ. ತಾರೀಖು ಕಾಲೇಜಿನಿಂದ ಕಾಲೇಜಿಗೆ ಬೇರೆ. ಗಣೇಶನೂ ಒಮ್ಮೊಮ್ಮೆ ಆಗಸ್ಟಿನಲ್ಲೇ ಬಂದುಬಿಡುತ್ತಾನೆ. ಅಧಿಕಮಾಸದ ಲೆಕ್ಕ ನೀವೇ ಹಾಕಿಕೊಳ್ಳಿ.

ನಮ್ಮ ಮನೆಗೆ ಡಬ್ಲ್ಯೂ ಬಂದದ್ದು ಆರ್ಗ್ಯಾನಿಕ್ ಕೆಮಿಸ್ಟ್ರಿಯಿಂದ. ಡಾಕ್ಟರಾಗಬೇಕೆಂದು ಹೊರಟ ಎಷ್ಟೋ ಮಕ್ಕಳು ಇಲ್ಲಿ ಎಕನಾಮಿಕ್ಸ್ ಕಡೆ ತಿರುಗುವುದೇ ಈ ಪಾಠದ ಬಾಗಿಲಲ್ಲಿ. ಮಗ ತಾನಾಗಿ ಹೇಳದಿದ್ದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲ. ಇಲ್ಲಿ ಫರ್ಪಾ ಎಂಬ ಕಾಯ್ದೆಯಿದೆ, 1974ರದ್ದು. ಹುಡುಗ ಕಾಲೇಜು ಮೆಟ್ಟಿಲು ಹತ್ತಿದನೆಂದರೆ ಅವನ ಅಂಕದ ಮೇಲೆ ಅವನದೇ ಹಕ್ಕು. ಮಗನ ಗತಿ ಏನಪ್ಪಾ ಎಂದು ಅಪ್ಪ ಫೋನ್ ಮಾಡಿದರೆ, ಅವನ ಒಪ್ಪಿಗೆ ಇದೆಯಾ ಸಾರ್ ಎಂದು ಆ ಕಡೆಯವರು ವಿನಯದಿಂದ ಕೇಳುತ್ತಾರೆ. ಫೀಸಿನ ಬಿಲ್ಲು ಕಳಿಸುವಾಗ ಯಾರ ಒಪ್ಪಿಗೆಯನ್ನೂ ಯಾರೂ ಕೇಳಿದ್ದು ಕಾಣೆ.

ರಜಕ್ಕೆ ಬಂದ ಮಗ ಬಿಸಿಬೇಳೆ ಬಾತಿಗೆ ಬೂಂದಿ ಹಾಕಿಕೊಳ್ಳುತ್ತಾ, "ಅಪ್ಪ, ಕೆಮಿಸ್ಟ್ರಿ ವಿತ್‌ಡ್ರಾ ಮಾಡಿದೆ" ಎಂದ. ಉಪ್ಪಿನಕಾಯಿ ಈ ಕಡೆ ಕೊಡು ಎನ್ನುವ ಧ್ವನಿಯಲ್ಲೇ ಎಂದ.

ನನ್ನ ಹೆಂಡತಿ ಊಟ ಬಿಟ್ಟು ಫೋನ್ ಹಿಡಿದಳು. "ರೀ, ಮೆಡಿಕಲ್ ಸ್ಕೂಲಿನ ಅರ್ಜಿಯಲ್ಲಿ ವಿತ್‌ಡ್ರಾ ಆದ ಕೋರ್ಸೂ ಬರೀಬೇಕಂತೆ! ಡ್ರಾಪ್ ಮಾಡಿದ್ದರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲ!" ಅವಳು ಓದಿದ್ದು ಸರಿಯೇ. ಆದರೆ ಅವಳ ಚಿಂತೆ ಮೆಡಿಕಲ್ ಸ್ಕೂಲಿನದಲ್ಲ, ರಾಜ್ಯೋತ್ಸವದ ಊಟದ ಸಾಲಿನದು. ಎಲ್ಲರೂ ತಟ್ಟೆ ಹಿಡಿದು ನಿಂತಾಗ "ಮಗನ ಓದು ಹೇಗೆ ನಡೀತಿದೆ?" ಎಂಬ ಪ್ರಶ್ನೆ ಬರದೇ ಇರುವುದಿಲ್ಲ. ಫರ್ಪಾ ಅಲ್ಲಿ ನಡೆಯುವುದಿಲ್ಲ.

ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅಮ್ಮ ಪಕ್ಕದಲ್ಲೇ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಎಲೆ ಒಂದು ಕಡೆ, ದಂಟು ಒಂದು ಕಡೆ.

"ಫೇಲಾ, ಮಗು?"

"ಅಲ್ಲ ಅಜ್ಜಿ."

"ಪಾಸಾ?"

"ಅದೂ ಅಲ್ಲ."

ಮೊಮ್ಮಗ ಅರ್ಧ ಕನ್ನಡದಲ್ಲಿ, ಅರ್ಧ ಕೈಸನ್ನೆಯಲ್ಲಿ ಎಲ್ಲ ವಿವರಿಸಿದ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ತಿಳೀತು ಬಿಡು. ಹೆಣ್ಣು ನೋಡೋಕೆ ಹೋಗಿ, ಉಪ್ಪಿಟ್ಟು ಕೇಸರಿಬಾತು ತಿಂದು, ಊರಿಗೆ ಹೋಗಿ ಕಾಗದ ಬರೀತೀವಿ ಅಂತ ಬಂದುಬಿಟ್ರೆ ಡ್ರಾಪು. ನಿಶ್ಚಿತಾರ್ಥ ಆಗಿ ಛತ್ರಕ್ಕೆ ಅಡ್ವಾನ್ಸ್ ಕೊಟ್ಟಮೇಲೆ ಬೇಡ ಅಂದ್ರೆ ವಿತ್‌ಡ್ರಾ. ಅಷ್ಟೇ ತಾನೇ?" ಎಂದರು.

"ಮದುವೆ ಆಗಿಹೋದಮೇಲೆ, ಅಜ್ಜಿ?"

"ಆಮೇಲೇನು, ಪರೀಕ್ಷೆ ಬರೀಲೇಬೇಕು" ಎಂದು ಅಮ್ಮ ನನ್ನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ ಮತ್ತೆ ಸೊಪ್ಪಿಗೆ ಕೈಹಾಕಿದರು.

ನನಗೆ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು. ವಿಟಿಯು ಹುಟ್ಟಿದ್ದು 1998ರಲ್ಲಿ. ನಾವು ಅದಕ್ಕೂ ಮೊದಲಿನ ಇಂಜಿನಿಯರಿಂಗ್ ಪೀಳಿಗೆ. ಯಾವ ಬ್ರಾಂಚು ಎಂಬುದನ್ನು ರ‍್ಯಾಂಕು ತೀರ್ಮಾನಿಸುತ್ತಿತ್ತು, ಯಾವ ಸಬ್ಜೆಕ್ಟು ಎಂಬುದನ್ನು ಯೂನಿವರ್ಸಿಟಿ. ಡ್ರಾಫ್ಟರ್ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿ ಹೋಗಿ, ಶಂಕುವನ್ನು ಯಾವ ಕೋನದಲ್ಲಿ ಕತ್ತರಿಸಿದರೆ ಯಾವ ಆಕಾರ ಬರುತ್ತದೆಂದು ಹಾಳೆಯ ಮೇಲೆ ಎಳೆದು, ರಬ್ಬರಿನಿಂದ ಉಜ್ಜಿ ಉಜ್ಜಿ ಆ ಹಾಳೆಯನ್ನೇ ತೂತು ಮಾಡಿಕೊಂಡು ಬರುತ್ತಿದ್ದೆವು. ಸಾರ್, ಈ ಡ್ರಾಯಿಂಗ್ ನನಗೆ ಒಗ್ಗುತ್ತಿಲ್ಲ, ಬಿಟ್ಟುಬಿಡುತ್ತೇನೆ ಎಂದರೆ ಕಾಲೇಜನ್ನೇ ಬಿಟ್ಟು ಹೋಗು ಎನ್ನುತ್ತಿದ್ದರು. ಸಬ್ಜೆಕ್ಟಿನಿಂದ ಹೊರಗೆ ಬರಲು ಇದ್ದದ್ದು ಒಂದೇ ಬಾಗಿಲು, ಪಾಸು. ಅದು ತೆರೆಯದಿದ್ದರೆ ಬ್ಯಾಕು, ಬ್ಯಾಕು ಹೆಚ್ಚಾದರೆ ಇಯರ್ ಬ್ಯಾಕು. ಹತ್ತೊಂಬತ್ತರ ಹುಡುಗನೊಬ್ಬ ಮಿಡ್‌ಟರ್ಮ್ ಅಂಕ ನೋಡಿ, ಇದು ನನ್ನಿಂದಾಗದು ಎಂದು ತಾನೇ ನಿರ್ಧರಿಸಿ ಗುಂಡಿ ಒತ್ತುವುದು ನಮ್ಮ ಕಾಲದಲ್ಲಿ ಕಥೆಯಲ್ಲೂ ಇರಲಿಲ್ಲ.

ಹಾಗೆಂದು ಡಬ್ಲ್ಯೂ ಪುಕ್ಕಟೆಯಲ್ಲ. ನೋಡಬೇಕಾದದ್ದನ್ನು ನಮ್ಮವರು ನೋಡುವುದಿಲ್ಲ ಎಂಬುದೇ ನನ್ನ ತಕರಾರು. ಅಕ್ಷರಕ್ಕೆ ಹೆದರುತ್ತಾರೆ, ಕ್ರೆಡಿಟ್ ಎಣಿಸುವುದಿಲ್ಲ. ನಮ್ಮವನು ತೆಗೆದುಕೊಂಡಿದ್ದದ್ದು 16 ಕ್ರೆಡಿಟ್, ಕೆಮಿಸ್ಟ್ರಿಯ ನಾಲ್ಕು ಹೋಗಿ 12 ಉಳಿಯಿತು. ಅದಕ್ಕಿಂತ ಕೆಳಗಿಳಿದರೆ ಫುಲ್‌ಟೈಮ್ ವಿದ್ಯಾರ್ಥಿಯಲ್ಲ, ಸ್ಕಾಲರ್‌ಶಿಪ್ಪಿಗೆ ಕುತ್ತು ಬರಬಹುದು. ಫೆಡರಲ್ ನೆರವು ಪಡೆಯುವ ಮಕ್ಕಳು ಹಿಡಿದ ಕ್ರೆಡಿಟ್ಟುಗಳಲ್ಲಿ ಮೂರರಲ್ಲಿ ಎರಡು ಪಾಲಾದರೂ ಮುಗಿಸಬೇಕೆಂದು ಹೆಚ್ಚಿನ ಕಾಲೇಜುಗಳ ನಿಯಮ. ಆ ಲೆಕ್ಕದಲ್ಲಿ ಡ್ರಾಪ್ ಇಲ್ಲ, ಡಬ್ಲ್ಯೂ ಇದೆ. ಊರಿನಿಂದ ಎಫ್-1 ವೀಸಾದಲ್ಲಿ ಬಂದ ಮಕ್ಕಳಂತೂ ಇಂಟರ್‌ನ್ಯಾಷನಲ್ ಆಫೀಸಿನವರ ಒಪ್ಪಿಗೆ ಮೊದಲೇ ಪಡೆಯದೆ ಫುಲ್‌ಟೈಮಿಗಿಂತ ಕೆಳಗಿಳಿದರೆ ಹೋಗುವುದು ಕೋರ್ಸಲ್ಲ, ವೀಸಾದ ಸ್ಥಾನಮಾನವೇ. ಒಂದೇ ಒಂದು ಡಬ್ಲ್ಯೂಗೆ ಯಾರ ಬದುಕೂ ಮುಳುಗದು. ಸಾಲಾಗಿ ನಾಲ್ಕೈದು ನಿಂತರೆ ಮಾತ್ರ ನೋಡಿದವರು ಕೇಳುತ್ತಾರೆ.

ಇಷ್ಟೆಲ್ಲ ನಾನು ಹೆಂಡತಿಗೆ ವಿವರಿಸುತ್ತಿದ್ದಾಗ ಅಮ್ಮ ಮೈಸೂರಿಗೆ ಫೋನ್ ಹಚ್ಚಿ ಚಿಕ್ಕಮ್ಮನಿಗೆ ನಿಜವನ್ನೇ ಹೇಳಿದ್ದರು, "ಮಗು ಕೆಮಿಸ್ಟ್ರೀಲಿ ಡಬ್ಲ್ಯೂ ತಗೊಂಡಿದ್ದಾನೆ ಕಣೇ." ಬೆಳಗಾಗುವಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗುಂಪಿನ ತುಂಬ ಹೂಗುಚ್ಛ, ಕೈಮುಗಿದ ಚಿತ್ರ, ರಾಯರ ಅನುಗ್ರಹ. ಮಗ ಎಲ್ಲರಿಗೂ ಹೆಬ್ಬೆರಳು ಎತ್ತಿ ಧನ್ಯವಾದ ಹೇಳಿದ್ದ. ತಿದ್ದೋಣವೆಂದು ಹೋದರೆ ಹೆಂಡತಿ "ನೀವು ಸುಮ್ನಿರಿ" ಎಂದು ಫೋನ್ ಕಿತ್ತುಕೊಂಡಳು. ಅಷ್ಟರಲ್ಲಿ ಹಾಸನದ ಭಾವನ ಧ್ವನಿಸಂದೇಶ ಬಂತು: "ಮುಂದಿನ ವರ್ಷ ನಮ್ಮವನನ್ನೂ ಅಲ್ಲಿಗೇ ಕಳಿಸೋಣ ಅಂತಿದ್ದೀವಯ್ಯ. ಈ ಡಬ್ಲ್ಯೂ ಬರಬೇಕಾದ್ರೆ ಯಾವ ಕೋಚಿಂಗಿಗೆ ಹಾಕಬೇಕು, ಸ್ವಲ್ಪ ಅವನನ್ನ ಕೇಳಿ ಹೇಳು."