ಶ್ರೀಯುತ ಕ್ಯಾಬಿನ್ ಅಪ್‌ಗ್ರೇಡ್ ಅವರಿಗೆ ಬಿನ್ನವತ್ತಳೆ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಮುಂದಿರುವ ಅಷ್ಟೇ ಗಣ್ಯರೇ, ಊಟದ ಹಾಲ್ ಯಾವ ಕಡೆ ಎಂದು ಆಗಲೇ ವಿಚಾರಿಸಿಕೊಂಡಿರುವ ಪ್ರವಾಸಪ್ರಿಯರೇ,

ಇಂದಿನ ಸನ್ಮಾನಿತರಿಗೆ ಪರಿಚಯದ ಅಗತ್ಯವಿಲ್ಲ. ಹಾಗೆಂದ ಮೇಲೆ ಅರ್ಧ ಗಂಟೆ ಪರಿಚಯ ಮಾಡಿಕೊಡುವುದು ನಮ್ಮ ಸಭೆಗಳ ಸಂಪ್ರದಾಯ, ಅದಕ್ಕೆ ಭಂಗ ತರುವುದು ಬೇಡ. ಐಷಾರಾಮಿ ಕ್ರೂಸ್‌ಗೆ ದುಡ್ಡು ಕಟ್ಟಿ, ವೀಸಾ ಬಂದು, ಸೂಟ್‌ಕೇಸು ಅಟ್ಟದಿಂದ ಇಳಿದು, ಇನ್ನೇನು ಎಲ್ಲ ಮುಗಿಯಿತು ಎಂದು ಮನೆಮಂದಿ ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಇಮೇಲ್ ರೂಪದಲ್ಲಿ ಪ್ರತ್ಯಕ್ಷರಾಗುವ ಮಹನೀಯರೇ ಶ್ರೀಯುತ ಕ್ಯಾಬಿನ್ ಅಪ್‌ಗ್ರೇಡ್. ಉಳಿದವರನ್ನು ಜನ ಅಭಿನಂದಿಸಬೇಕಾಗುತ್ತದೆ. ಇವರು ಮೊದಲ ಸಾಲಿನಲ್ಲೇ ‘ಅಭಿನಂದನೆಗಳು!’ ಎಂದು ತಾವೇ ಜನರನ್ನು ಅಭಿನಂದಿಸಿಬಿಡುತ್ತಾರೆ. ಅಂಥ ನಿಗರ್ವಿ.

ಇವರು ದೊಡ್ಡ ಮನೆತನದವರು. ತಂದೆ ಖಾಲಿ ಕೋಣೆ, ತಾಯಿ ಲೆಕ್ಕಾಚಾರ. ಹಡಗಿನ ಬಾಗಿಲು ಮುಚ್ಚಿದ ಮೇಲೆ ಖಾಲಿ ಉಳಿದ ಸೂಟ್ ಕಂಪನಿಗೆ ಒಂದು ಕಾಸೂ ತರುವುದಿಲ್ಲ. ಕೊನೇ ಗಳಿಗೆಯಲ್ಲಿ ಗಿರಾಕಿಗಳು ಹುಡುಕಿಕೊಂಡು ಬರುವುದು ಅಗ್ಗದ ಕೋಣೆಯನ್ನೇ. ಆದ್ದರಿಂದ ಅಗ್ಗದ ಕೋಣೆಯಲ್ಲಿರುವವರನ್ನು ಒಂದು ಮೆಟ್ಟಿಲು ಮೇಲಕ್ಕೆ ಕಳಿಸಿ, ತೆರವಾದ ಆ ಕೋಣೆಯನ್ನು ಇನ್ನೊಮ್ಮೆ ಮಾರುವುದು ಜಾಣತನ. ಮೇಲಕ್ಕೆ ಹೋದವರಿಗೆ ಉಪಕಾರವಾಯಿತು, ಕಂಪನಿಗೆ ವ್ಯಾಪಾರವಾಯಿತು. ಸನ್ಮಾನಿತರ ಪರೋಪಕಾರಬುದ್ಧಿ ಯಾರ ಕಡೆಗೆ ಹೆಚ್ಚು ವಾಲಿದೆ ಎಂಬ ಚರ್ಚೆ ಈ ಶುಭ ಸಂದರ್ಭಕ್ಕೆ ಒಪ್ಪುವುದಿಲ್ಲ.

ವಂಶಾವಳಿಯಲ್ಲಿ ಒಂದು ಹಳೆಯ ಹೆಸರಿದೆ, ಅದನ್ನು ಬೇಗ ಹೇಳಿ ಮುಂದೆ ಹೋಗಬೇಕು. 1912ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಕಲ್ಲಿದ್ದಲಿಲ್ಲದೆ ಹಲವು ಹಡಗುಗಳ ಯಾನ ರದ್ದಾಯಿತು. ಅವುಗಳಿಗೆ ಟಿಕೆಟ್ ಮಾಡಿಸಿದ್ದ ಎಷ್ಟೋ ಜನರನ್ನು ಅವುಗಳಿಗಿಂತ ದೊಡ್ಡದಾದ, ಹೊಚ್ಚ ಹೊಸ ಹಡಗೊಂದಕ್ಕೆ ವರ್ಗಾಯಿಸಲಾಯಿತು. ಆ ಹಡಗಿನ ಹೆಸರು ಟೈಟಾನಿಕ್.

ಈಗ ಸನ್ಮಾನಿತರ ಆಧುನಿಕ ಅವತಾರಕ್ಕೆ ಬರೋಣ. ಮೊದಲೆಲ್ಲ ಇವರು ಪುಕ್ಕಟೆಯಾಗಿ ಬರುತ್ತಿದ್ದರು, ಈಗಲೂ ಅಪರೂಪಕ್ಕೆ ಬರುವುದುಂಟು. ಆದರೆ ಇತ್ತೀಚೆಗೆ ಹರಾಜಿನ ಕಡೆಗೆ ಒಲವು ಬೆಳೆದಿದೆ. ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ಇವರನ್ನು ‘ರಾಯಲ್ ಅಪ್’ ಎಂದು ಕರೆಯುತ್ತಾರೆ, ಸೆಲೆಬ್ರಿಟಿ ಕಂಪನಿಯಲ್ಲಿ ‘ಮೂವ್ ಅಪ್’ ಎಂದು. ಇಮೇಲಿನ ಕೊಂಡಿ ಒತ್ತಿದರೆ ಮೇಲಿನ ದರ್ಜೆಗಳೆಲ್ಲ ಸಾಲಾಗಿ ತೆರೆದುಕೊಳ್ಳುತ್ತವೆ. ಒಂದೊಂದರ ಕೆಳಗೂ ಒಂದು ಗೆರೆ, ಗೆರೆಯ ಮೇಲೊಂದು ಗುಂಡಿ. ಹೆಬ್ಬೆರಳಿನಿಂದ ಗುಂಡಿಯನ್ನು ಬಲಕ್ಕೆ ಸರಿಸಿದಂತೆ ಮೊತ್ತ ಏರುತ್ತದೆ, ಪಕ್ಕದ ಮಾಪಕದ ಮುಳ್ಳು ‘ದುರ್ಬಲ’ದಿಂದ ‘ಅತ್ಯುತ್ತಮ’ದ ಕಡೆಗೆ ಹೊರಳುತ್ತದೆ. ತಮ್ಮ ಕೊಡುಗೆ ದುರ್ಬಲ ಎಂದು ಫೋನು ಮುಖಕ್ಕೇ ಹೇಳಿದರೆ ಯಾವ ಮಾನವಂತ ಸುಮ್ಮನಿರುತ್ತಾನೆ? ಇನ್ನೊಂದಿಷ್ಟು ಸರಿಸುತ್ತಾನೆ. ಪಕ್ಕದಲ್ಲಿ ಕೂತ ಹೆಂಡತಿ “ರೀ, ಅದು ತಲೆಗೆ ಇಷ್ಟು ಅಂತ ಇದೆ, ಇಬ್ಬರಿಗೆ ಎಷ್ಟಾಯ್ತು ನೋಡಿ” ಎನ್ನುವವರೆಗೂ ಸರಿಸುತ್ತಲೇ ಇರುತ್ತಾನೆ.

ಹೌದು, ಆ ಮೊತ್ತ ತಲೆಗೆ ಇಷ್ಟು ಎಂಬ ಲೆಕ್ಕದ್ದು. ಒಬ್ಬರೇ ಪ್ರಯಾಣ ಮಾಡುತ್ತಿದ್ದರೂ ಎರಡು ತಲೆಯ ದುಡ್ಡು ಕೊಡಬೇಕು. ಒಪ್ಪಿಗೆಯಾಗುವ ತನಕ ಹಿಂದೆ ಸರಿಯಬಹುದು. ಒಪ್ಪಿಗೆಯಾದ ಕ್ಷಣ ಕಾರ್ಡಿನಿಂದ ಹಣ ಕಡಿತವಾಗುತ್ತದೆ, ಆಮೇಲೆ ವಾಪಸಾತಿಯ ಮಾತಿಲ್ಲ. ಇಷ್ಟಾದರೂ ಯಾವ ಕೋಣೆ ಎಂದು ಆರಿಸಿಕೊಳ್ಳುವ ಹಕ್ಕು ಇಲ್ಲ. ದರ್ಜೆ ಗ್ಯಾರಂಟಿ, ಜಾಗ ದೈವಚಿತ್ತ.

ಸನ್ಮಾನಿತರ ಅಸಲಿ ಪ್ರತಿಭೆ ಬೆಳಗುವುದು ಇಲ್ಲಿಯೇ. ಅವರು ಮೇಲಕ್ಕೆ ಎತ್ತುವುದು ದರಪಟ್ಟಿಯಲ್ಲಿ. ಹಡಗಿನಲ್ಲಿ ಎಲ್ಲಿಗೆ ಒಯ್ಯುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಅಲೆಗೆ ಸಿಕ್ಕ ಹಡಗು ಪಾರ್ಕಿನ ಸೀ-ಸಾ ಹಲಗೆಯ ಹಾಗೆ: ಎರಡು ತುದಿ ಏರಿ ಇಳಿದು ಹೊಯ್ದಾಡುವಾಗ ನಡುಮಧ್ಯ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ಪಕ್ಕಕ್ಕೆ ವಾಲುವಾಗಲೂ ಮೇಲಿನ ಡೆಕ್ಕಿನವರು ತೂಗಿದಷ್ಟು ಕೆಳಗಿನವರು ತೂಗುವುದಿಲ್ಲ. ಹೀಗಾಗಿ ಹೊಟ್ಟೆ ತೊಳಸುವವರಿಗೆ ನಡುಭಾಗದ ಕೆಳ ಡೆಕ್ಕಿನ ಕಿಟಕಿಯಿಲ್ಲದ ಕೋಣೆಯೇ ಸ್ವರ್ಗ. ಅಂಥವರನ್ನು ಅಲ್ಲಿಂದ ಎಬ್ಬಿಸಿ, ಹೆಚ್ಚಿಗೆ ದುಡ್ಡು ಇಸಿದುಕೊಂಡು, ಮೂತಿಯ ತುದಿಯ ಎತ್ತರದ ಬಾಲ್ಕನಿಗೆ ಏರಿಸುವ ಸಾಮರ್ಥ್ಯ ಇವರೊಬ್ಬರಿಗೇ ಇರುವುದು.

ಈಜುಕೊಳದ ಡೆಕ್ಕಿನ ಸರಿಯಾಗಿ ಕೆಳಗಿರುವ ಬಾಲ್ಕನಿ ಕೋಣೆಯ ಸುಖವನ್ನೂ ಈ ಸಭೆ ಸ್ಮರಿಸಬೇಕು. ಇನ್ನೂ ಬೆಳಕು ಹರಿದಿರುವುದಿಲ್ಲ, ತಲೆಯ ಮೇಲೆ ಬಿಸಿಲುಕುರ್ಚಿಗಳನ್ನು ಸಾಲು ಹಚ್ಚುವ ಕೆಲಸ ಶುರುವಾಗುತ್ತದೆ. ಒಂದು ಎಳೆದ ಸದ್ದು, ಒಂದು ಇಟ್ಟ ಸದ್ದು, ಮತ್ತೆ ಒಂದು ಎಳೆದ ಸದ್ದು. ಇನ್ನು ಲೈಫ್‌ಬೋಟು ತೂಗುಬಿದ್ದ ಸಾಲಿನಲ್ಲಿ ಜಾಗ ಸಿಕ್ಕವರಿಗೆ ಸಮುದ್ರದ ಬದಲು ದೋಣಿಯ ಬೆನ್ನು ಕಾಣುತ್ತದೆ.

ಬಾಲ್ಕನಿ ಎಂದ ಮಾತ್ರಕ್ಕೆ ಎದುರಿಗೆ ಸಮುದ್ರ ಇರಲೇಬೇಕು ಎಂಬ ಮೂಢನಂಬಿಕೆಯನ್ನೂ ಕಳೆದವರು ಸನ್ಮಾನಿತರು. 2009ರಲ್ಲಿ ಯಾನ ಆರಂಭಿಸಿದ ‘ಓಯಸಿಸ್ ಆಫ್ ದಿ ಸೀಸ್’ ಹಡಗಿನ ಹೊಟ್ಟೆಯನ್ನು ಸೀಳಿ, ನಡುವೆ ‘ಸೆಂಟ್ರಲ್ ಪಾರ್ಕ್’ ಎಂಬ ನಿಜವಾದ ಗಿಡಗಳ ತೋಟ ಮಾಡಿದ್ದಾರೆ. ಅದರ ಎರಡೂ ಬದಿಗೆ ಬಾಲ್ಕನಿಗಳ ಸಾಲು. ಅಲ್ಲಿ ಕಾಫಿ ಹಿಡಿದು ನಿಂತರೆ ಗಿಡ ಕಾಣುತ್ತದೆ, ಎದುರು ಮನೆಯವರು ಕಾಣುತ್ತಾರೆ. ಸಮುದ್ರ ನೋಡಬೇಕಾದರೆ ಬಾಗಿಲು ಹಾಕಿಕೊಂಡು ಹೊರಗೆ ಹೋಗಬೇಕು. ಇದಕ್ಕೆ ವ್ಯತಿರಿಕ್ತವಾಗಿ, 2011ರ ‘ಡಿಸ್ನಿ ಡ್ರೀಮ್’ ಹಡಗಿನ ಒಳಕೋಣೆಗಳ ಗೋಡೆಯಲ್ಲಿ ದುಂಡನೆಯ ಪರದೆಯೊಂದು ಹೊರಗಿನ ಕ್ಯಾಮೆರಾ ಕಂಡ ಸಮುದ್ರವನ್ನು ನೇರವಾಗಿ ತೋರಿಸುತ್ತದೆ. ನಡುನಡುವೆ ಡಿಸ್ನಿಯ ಕಾರ್ಟೂನು ಪಾತ್ರಗಳೂ ಹಾದುಹೋಗುತ್ತವೆ. ಅಂತೂ ಬಾಲ್ಕನಿಯವರಿಗೆ ತೋಟ, ಕಿಟಕಿಯಿಲ್ಲದವರಿಗೆ ಸಮುದ್ರ.

ಕ್ವೀನ್ ಮೇರಿ 2 ಹಡಗಿನ ಪ್ರಸಂಗ ಸ್ವಲ್ಪ ನಿಧಾನವಾಗಿ ಹೇಳಬೇಕಾದದ್ದು. ಫ್ರಾನ್ಸಿನ ಸ್ಯಾಂ ನಜೇರ್‌ನಲ್ಲಿ ಕಟ್ಟಿದ, 345 ಮೀಟರ್ ಉದ್ದದ ಈ ಹಡಗಿಗೆ 2004ರ ಜನವರಿಯಲ್ಲಿ ಎರಡನೇ ಎಲಿಜಬೆತ್ ರಾಣಿಯೇ ನಾಮಕರಣ ಮಾಡಿದರು. ಇದು ಉತ್ತರ ಅಟ್ಲಾಂಟಿಕ್ ದಾಟಲೆಂದೇ ವಿನ್ಯಾಸಗೊಂಡದ್ದು. ಆ ಸಾಗರದ ಸ್ವಭಾವ ಹಡಗಿನ ಒಡೆಯ ಕ್ಯುನಾರ್ಡ್ ಕಂಪನಿಗೆ ಚೆನ್ನಾಗಿ ಗೊತ್ತು: 1995ರ ಸೆಪ್ಟೆಂಬರಿನಲ್ಲಿ ಲೂಯಿಸ್ ಚಂಡಮಾರುತದ ಹೊತ್ತಿಗೆ ಅದರ ಕ್ಯೂಇ2 ಹಡಗು ಸುಮಾರು 29 ಮೀಟರ್ ಎತ್ತರದ ಅಲೆಗೆ ಎದುರಾಗಿತ್ತು. ಕ್ವೀನ್ ಮೇರಿ 2ರ ತಗ್ಗಿನ ಡೆಕ್ಕುಗಳ ಬಾಲ್ಕನಿಗಳನ್ನು ಹಡಗಿನ ಒಡಲಿನಲ್ಲೇ ಕೊರೆದಿದ್ದಾರೆ. ಮುಂದೆ ಗಾಜಿಲ್ಲ, ಉಕ್ಕಿನ ಗೋಡೆ. ಗಾಳಿ ಹೊಡೆಯುವುದಿಲ್ಲ, ಅದು ನಿಜವಾದ ಲಾಭವೇ. ಆದರೆ ಕುರ್ಚಿಯಲ್ಲಿ ಕೂತವರಿಗೆ ಕಾಣುವುದು ಬಣ್ಣ ಬಳಿದ ಉಕ್ಕು. ಎದ್ದು ನಿಂತರೆ ಸಾಗರ, ಕೂತರೆ ಗೋಡೆ.

ಇದೇ ಹಡಗಿನಲ್ಲಿ ಕೋಣೆಯ ದರ್ಜೆಯೇ ಊಟದ ಮನೆಯನ್ನೂ ತೀರ್ಮಾನಿಸುತ್ತದೆ. ಸಾಮಾನ್ಯ ಕೋಣೆಯವರಿಗೆ ಬ್ರಿಟಾನಿಯಾ, ಸೂಟಿನವರಿಗೆ ಪ್ರಿನ್ಸೆಸ್ ಗ್ರಿಲ್, ಅದಕ್ಕೂ ಮೇಲಿನವರಿಗೆ ಕ್ವೀನ್ಸ್ ಗ್ರಿಲ್. ಗ್ರಿಲ್ಲಿನವರಿಗೆ ತಮ್ಮದೇ ಮೇಜು ಕಾದಿರುತ್ತದೆ. ಅಣ್ಣ ತಮ್ಮ ಇಬ್ಬರ ಸಂಸಾರಗಳು ಒಟ್ಟಿಗೆ ಟಿಕೆಟ್ ಮಾಡಿಸಿ, ಅಣ್ಣನ ಮನೆಯವರಿಗೆ ಮಾತ್ರ ಸನ್ಮಾನಿತರ ಕೃಪೆಯಾದರೆ, ಅಟ್ಲಾಂಟಿಕ್ ಮುಗಿಯುವವರೆಗೆ ಓರಗಿತ್ತಿಯರು ಬೇರೆ ಬೇರೆ ಪಂಕ್ತಿಯಲ್ಲಿ ಉಣ್ಣಬೇಕು. ಪಾಲುಪಟ್ಟಿ ಆಗದೆಯೂ ಒಟ್ಟು ಕುಟುಂಬವನ್ನು ಬೇರೆ ಮಾಡಿದ ಕೀರ್ತಿ ಇವರಿಗೆ ಸಲ್ಲುತ್ತದೆ.

ವಿಮರ್ಶಕರಿಗೂ ಒಂದು ಮಾತು. ಸನ್ಮಾನಿತರನ್ನು ಕಣ್ಣುಮುಚ್ಚಿ ತಿರಸ್ಕರಿಸುವುದೂ ತಪ್ಪು. ಅಲಾಸ್ಕದ ಗ್ಲೇಸಿಯರ್ ಬೇಯಲ್ಲಿ ಹಡಗು ಮಾರ್ಜರಿ ಹಿಮನದಿಯ ಎದುರು ಬಹಳ ಹೊತ್ತು ನಿಂತು, ಎರಡೂ ಬದಿಯವರಿಗೆ ಕಾಣಲೆಂದು ನಿಧಾನಕ್ಕೆ ತಿರುಗುತ್ತದೆ. ಅಂಥಲ್ಲಿ ಸ್ವಂತ ಬಾಲ್ಕನಿಗೆ ಕೊಟ್ಟ ದುಡ್ಡು ದಂಡವಲ್ಲ. ಬಂದರು ಕಾಣದೆ ವಾರ ಕಳೆಯುವ ಯಾನದಲ್ಲೂ ಕೋಣೆಗೆ ಬೆಲೆಯಿದೆ. ಆದರೆ ದಿನಕ್ಕೊಂದು ಊರು ಎಂಬ ಯಾನದಲ್ಲಿ ಬಾಲ್ಕನಿ ಬಿಸಿಲು ಕಾಯುತ್ತಿರುತ್ತದೆ, ಯಜಮಾನರು ಊರು ಸುತ್ತುತ್ತಿರುತ್ತಾರೆ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಹಡಗು ಬಂದ ದಿನ ನೋಡಬೇಕು: ಯಕ್ಷಗಾನದ ವೇಷ ನೋಡಿ ಬಸ್ಸು ಹತ್ತಿದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ಎಂದು ಬೆವರು ಸುರಿಸುತ್ತಿರುತ್ತಾರೆ. ಅವರ ಸೂಟಿನ ಸೋಫಾ ಅಲ್ಲಿ ಎಸಿಯಲ್ಲಿ ತಣ್ಣಗಿರುತ್ತದೆ.

ಮುಂಬೈಯಿಂದ ಹೊರಡುವ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಹತ್ತುವ ನಮ್ಮವರಿಗೂ ಸನ್ಮಾನಿತರ ದರ್ಶನವಾದೀತು. ಅದೂ ಸ್ಯಾಂ ನಜೇರ್‌ನಲ್ಲೇ ಹುಟ್ಟಿದ, 1990ರ ಹಡಗು. ಬಾಲ್ಕನಿಗಳ ಯುಗಕ್ಕಿಂತ ಮೊದಲಿನದಾದ್ದರಿಂದ ಅಲ್ಲಿ ಬಾಲ್ಕನಿಗಳೇ ಕಡಿಮೆ. ಗೋವಾಕ್ಕೆ ಹೋಗಿಬರುವ ಕೆಲವೇ ರಾತ್ರಿಗಳಿಗೆ, ಅದರಲ್ಲೂ ಒಂದು ರಾತ್ರಿ ಡಿಜೆ ಮುಂದೆಯೇ ಕಳೆಯುವವರು, ಕಿಟಕಿಗೆಂದು ಹೆಚ್ಚಿಗೆ ತೆರುವ ಮೊದಲು ಆ ಕಿಟಕಿಯನ್ನು ಎಷ್ಟು ಹೊತ್ತು ನೋಡುತ್ತೇವೆ ಎಂದು ಕೇಳಿಕೊಳ್ಳಬಹುದು.

ಈಗ ಸನ್ಮಾನ. ಶಾಲು ಹೊದಿಸಲಾಗುವುದು, ಮೈಸೂರು ಪೇಟ ತೊಡಿಸಲಾಗುವುದು. ನೆನಪಿನ ಕಾಣಿಕೆಯಾಗಿ ಗಂಧದ ಹಾರದ ಬದಲು ಚೌಕಟ್ಟು ಹಾಕಿಸಿದ ಡೆಕ್ ಪ್ಲಾನ್ ಕೊಡಲಾಗುತ್ತಿದೆ. ನೀಡಲಿರುವ ಕೋಣೆಯ ಮೇಲೇನಿದೆ, ಕೆಳಗೇನಿದೆ ಎಂದು ಅದರಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ಮುಂದಿನ ಇಮೇಲ್ ಕಳಿಸುವಾಗ ಸನ್ಮಾನಿತರು ಅದನ್ನೂ ಲಗತ್ತಿಸಬೇಕೆಂದು ಸಮಿತಿಯ ಕೋರಿಕೆ. ವಂದನಾರ್ಪಣೆಯ ನಂತರ ಊಟವಿದೆ. ಒಬ್ಬರೇ ಬಂದಿರುವವರು ದಯವಿಟ್ಟು ಕೌಂಟರಿನಲ್ಲಿ ಎರಡು ಕೂಪನ್ನಿನ ಹಣ ಕಟ್ಟಿ ಒಂದೆಲೆಯಲ್ಲಿ ಕೂರಬೇಕು.