ಹಸಿರು ವಲಯದ ಸೀನು

ಒಂದು ಮಗ್ಗುಲಲ್ಲಿ ಕೇರಳ, ಇನ್ನೊಂದು ಮಗ್ಗುಲಲ್ಲಿ ತಮಿಳುನಾಡು, ಬೆನ್ನಿಗೆ ಸೋಂಕಿನಿಂದ ತತ್ತರಿಸಿದ ನಂಜನಗೂಡು, ಹೀಗೆ ಮಹಾಮಾರಿಯು ಸುತ್ತಲೂ ಹೊಂಚಿ ಕುಳಿತಿರಲು, 2020ರ ಜೂನ್ 9ರವರೆಗೆ ಒಂದೇ ಒಂದು ಪ್ರಕರಣವನ್ನೂ ಕಾಣದೆ ಹಸಿರು ವಲಯವೆಂದು ಮೆರೆದ ರಾಜ್ಯದ ಏಕೈಕ ಜಿಲ್ಲೆ ನಮ್ಮ ಚಾಮರಾಜನಗರ. ಕಾಲಿಟ್ಟ ಮುಖ್ಯಮಂತ್ರಿಗಳ ಅಧಿಕಾರ ಹೋಗುವುದೆಂಬ ಅಪಖ್ಯಾತಿಯನ್ನು ದಶಕಗಳಿಂದ ಹೊತ್ತ ಊರಿಗೆ ಇಂತಹ ಸತ್ಕೀರ್ತಿ ಅಪೂರ್ವವಾದುದು. ಕುರ್ಚಿ ಹೋದೀತೆಂದು ಕೊರೊನಾ ಕೂಡ ಹೆದರಿದೆಯೆಂದು ನಮ್ಮವರು ನಗುತ್ತಿದ್ದರು.

ಕೀರ್ತಿ ಅಳಿದರೂ ಅದರ ಅಭಿಮಾನ ಅಳಿಯದಿದ್ದ ಕಾರಣ, ಜುಲೈ ತಿಂಗಳ ಜಿನುಗುಮಳೆಯಲ್ಲಿ, ಇದೇ ಜಿಲ್ಲೆಯ ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ನನಗೆ ಗಂಟಲು ಕೆರೆದು ಮೈ ಬೆಚ್ಚಗಾದಾಗ, ಪರೀಕ್ಷೆ ಮಾಡಿಸುವುದೋ ಬಿಡುವುದೋ ಎಂಬುದು ವೈದ್ಯಶಾಸ್ತ್ರಕ್ಕೆ ದಕ್ಕದೆ ಬೀದಿಯ ಮಾನಾಪಮಾನದ ಪ್ರಶ್ನೆಯಾಯಿತು. ಸರ್ಕಾರದ ಪ್ರಕಟಣೆಯಲ್ಲಿ ರೋಗಿಯ ಹೆಸರಿರುತ್ತಿರಲಿಲ್ಲ, 'ಪಿ' ಅಕ್ಷರದ ಮುಂದೊಂದು ಸಂಖ್ಯೆ, ವಯಸ್ಸು, ಲಿಂಗ, ಊರು ಇಂಥವೇ ಇರುತ್ತಿದ್ದವು ಎಂಬುದು ನಿಜ. ಆದರೆ ಸೋಂಕಿತರ ಬೀದಿಯ ಬಾಯಿಗೆ ಬೊಂಬು ಕಟ್ಟಿ ತಗಡು ನಿಲ್ಲಿಸಿದ ಮೇಲೆ ಆ ಗೋಪ್ಯವನ್ನು ಭೇದಿಸಲು ಹಾಲಿನವನೇ ಸಾಕಾಗಿದ್ದ.

"ರೀ, ಮೊದಲು ವಾಸನೆ ಗೊತ್ತಾಗುತ್ತೋ ಇಲ್ವೋ ನೋಡೋಣ" ಎಂದು ನನ್ನಾಕೆ ಇಂಗಿನ ಡಬ್ಬಿಯನ್ನು ಮೂಗಿಗೆ ಹಿಡಿದಳು. ಘಾಟು ಬಂದಿತು, ಅದು ಮೂಗಿಗೆ ಬಂದಿತೋ, ಡಬ್ಬಿ ಕಂಡ ಕಣ್ಣಿನ ಭ್ರಮೆಯೋ ಎಂಬ ಸಂಶಯವೂ ಒಡನೆಯೇ ಬಂದಿತು. ಕಣ್ಣು ಮುಚ್ಚಿಸಿ, ಹೆದ್ದಾರಿಯ ಬದಿಯ ಹೊಲದಿಂದ ತಂದ ಚೆಂಡುಹೂವನ್ನು ಹಿಡಿದಳು. "ಇಂಗು" ಎಂದೆ. ಅವಳು ಕೈ ತೊಳೆದಿರಲಿಲ್ಲವೆಂಬುದು ತಿಳಿಯುವಷ್ಟರಲ್ಲಿ ಅಡುಗೆಮನೆಯಲ್ಲಿ ಕಷಾಯ ಕುದಿಯುತ್ತಿತ್ತು.

ಎದುರುಮನೆಯ ಯಜಮಾನರು ಜಗಲಿಯಿಂದಲೇ ತೀರ್ಪಿತ್ತರು: "ಸುಮ್ನಿರಿ ಮೇಷ್ಟ್ರೇ, ಇಲ್ದಿರೋ ಕಾಯಿಲೆನ ಹೋಗಿ ಕರ್ಕೊಂಡ್ ಬರ್ತೀರಾ?" ಅವರ ತರ್ಕದಲ್ಲಿ ರೋಗವು ವೈರಾಣುವಿನಿಂದಲ್ಲದೆ ಪರೀಕ್ಷೆಯಿಂದಲೇ ಜನಿಸುತ್ತಿತ್ತು. ಇತ್ತ ನನ್ನ ತರ್ಕವೂ ಅದಕ್ಕಿಂತ ಶ್ರೇಷ್ಠವಾಗಿರಲಿಲ್ಲ: ಸೋಂಕು ತಗುಲಿದ ಹೊಸತರಲ್ಲೇ ಕಡ್ಡಿ ಹಾಕಿ ನೋಡಿದರೆ ವೈರಾಣು ಇದ್ದೂ ಸಿಕ್ಕದಿರಬಹುದೆಂದು ಓದಿದ್ದೆನಾದ್ದರಿಂದ, ಇದೆಯೆಂದರೆ ಭಯ, ಇಲ್ಲವೆಂದರೆ ಅನುಮಾನ, ಆದುದರಿಂದ ನಾಳೆ ನೋಡೋಣ ಎಂದು ಮುಂದೂಡುತ್ತಿದ್ದೆ. ಈ ನ್ಯಾಯಶಾಸ್ತ್ರವನ್ನೆಲ್ಲ ಕೆಡಿಸಿದವರು ಒಳಕೋಣೆಯಲ್ಲಿದ್ದ ವೃದ್ಧ ಮಾತೃಶ್ರೀಯವರು. "ನಿಂಗ್ ಬಂದ್ರೆ ನಂಗೆ ಬರಲ್ವೇನಪ್ಪ?" ಎಂದಷ್ಟೇ ಕೇಳಿ ಎಲೆಯಡಿಕೆಗೆ ಸುಣ್ಣ ಹಚ್ಚತೊಡಗಿದರು.

ಮರುದಿನ ಮುಸುಕು ಕಟ್ಟಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೊರಟವನನ್ನು ಅದೇ ಯಜಮಾನರು ದೂರದಿಂದಲೇ ತಡೆದು, ಅತ್ತಿತ್ತ ನೋಡಿ, "ತಡೀರಿ ಮೇಷ್ಟ್ರೇ, ನಾನೂ ಬತ್ತೀನಿ. ಹೋದ್ವಾರದಿಂದ ಒಣಕೆಮ್ಮು" ಎಂದರು. ಬೆಕ್ಕಸಬೆರಗಾಗಿ ನಿಂತ ನನ್ನನ್ನು ದಾಟಿ ಮುಂದೆ ನಡೆಯುತ್ತ, "ಮೊಬೈಲ್ ನಂಬರು ಮಾತ್ರ ನಿಮ್ದೇ ಬರ್ಸಿ" ಎಂದು ಸೇರಿಸಿದರು.